ತೂಕ ಇಳಿಯಲಿ ಎಂದು ಕಾಯಬೇಡಿ: ಭಾರದ ಮೈಯವರ ಬೀಪಿಗೆ ನಡಿಗೆಯೂ ಬೇಕು, ಕಸರತ್ತೂ ಬೇಕು

ಬೀಪಿ ಮಾತ್ರೆ ಬರೆದುಕೊಡುವಾಗ ಡಾಕ್ಟರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ವಾಕಿಂಗ್ ಮಾಡಿ, ತೂಕ ಇಳಿಸಿ.’ ನೂರು ಕೆ.ಜಿ. ದಾಟಿದವರಿಗೆ ಅದು ಹೇಳಿದಷ್ಟು ಸಲೀಸಲ್ಲ. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಏದುಸಿರು, ವಾಪಸು ಬರುವಷ್ಟರಲ್ಲಿ ಮಂಡಿ ನೋವು. ಜೊತೆಗೆ ಜನ ನೋಡಿ ಏನಂದುಕೊಳ್ಳುತ್ತಾರೋ ಎಂಬ ಮುಜುಗರ. ಎರಡು ವಾರ ಹೆಣಗಾಡಿ ತೂಕದ ಯಂತ್ರ ಹತ್ತಿದರೆ ಮುಳ್ಳು ಇದ್ದಲ್ಲೇ ಇರುತ್ತದೆ. ‘ನಮ್ಮ ಮೈಗೆ ಇದೆಲ್ಲ ಆಗಿಬರಲ್ಲ’ ಎಂದು ಅಲ್ಲಿಗೇ ಕೈಬಿಡುವವರು ಬಹಳ ಮಂದಿ.

ಅವರಿಗೆ ಮೊದಲು ತಿಳಿಯಬೇಕಾದ ಸಂಗತಿ ಇದು: ವ್ಯಾಯಾಮದಿಂದ ಬೀಪಿ ಇಳಿಯಲು ತೂಕ ಇಳಿದಿರಲೇಬೇಕೆಂದಿಲ್ಲ. ಒಂದು ಕೆ.ಜಿ.ಯೂ ಕಡಿಮೆಯಾಗದ ವಾರಗಳಲ್ಲೂ ರಕ್ತನಾಳ ಸಡಿಲಗೊಳ್ಳುತ್ತಿರುತ್ತದೆ, ಹೃದಯದ ಕೆಲಸ ಹಗುರಾಗುತ್ತಿರುತ್ತದೆ. ಬರೀ ನಡಿಗೆಗೆ ಸ್ವಲ್ಪ ಸ್ನಾಯು ಬಲಪಡಿಸುವ ಕಸರತ್ತನ್ನೂ ಸೇರಿಸಿಕೊಂಡರೆ ಭಾರದ ಮೈಯವರಿಗೆ ಲಾಭ ಹೆಚ್ಚು. ಇದಕ್ಕೆ ಜಿಮ್ ಬೇಕಿಲ್ಲ. ಮೈಸೂರು–ಮಾನಂದವಾಡಿ ರಸ್ತೆಯ ಮೇಲಿರುವ, ಹೆಗ್ಗಡದೇವನಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರ ಹಂಪಾಪುರದಂಥ ಊರಿನಲ್ಲೂ ಒಂದು ಗಟ್ಟಿ ಕುರ್ಚಿ, ಒಂದು ಗೋಡೆ, ಎರಡು ನೀರಿನ ಬಾಟಲಿ ಇದ್ದರೆ ಶುರು ಮಾಡಬಹುದು.

ಯಾರಿಗಾಗಿ ಈ ಮಾತು?

ತೂಕವನ್ನು (ಕೆ.ಜಿ.) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. ಭಾರತೀಯರಲ್ಲಿ ಅದು 25 ಮುಟ್ಟಿದರೆ ಬೊಜ್ಜು ಎಂದೇ ನಮ್ಮ ವೈದ್ಯರು ಲೆಕ್ಕ ಹಾಕುತ್ತಾರೆ. 35 ದಾಟಿದರೆ ತೀವ್ರ, 40 ದಾಟಿದರೆ ಅತಿ ತೀವ್ರ. ಐದು ಅಡಿ ಮೂರು ಅಂಗುಲ ಎತ್ತರದವರಿಗೆ 35 ಎಂದರೆ ಸುಮಾರು 90 ಕೆ.ಜಿ., 40 ಎಂದರೆ 102 ಕೆ.ಜಿ. ಐದು ಅಡಿ ಏಳು ಅಂಗುಲದವರಿಗೆ 101 ಮತ್ತು 116 ಕೆ.ಜಿ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೂ ಎಚ್ಚರ ಬೇಕು.

ಬೊಜ್ಜು, ಬೀಪಿ ಪಟ್ಟಣದವರ ಕಾಯಿಲೆ ಎಂಬ ಕಾಲ ಹೋಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕ ಹೆಂಗಸರಲ್ಲಿ ನೂರಕ್ಕೆ 21, ಗಂಡಸರಲ್ಲಿ ನೂರಕ್ಕೆ 24 ಮಂದಿಗೆ ಬೀಪಿ ಹೆಚ್ಚಿದೆ ಅಥವಾ ಅದಕ್ಕೆ ಮಾತ್ರೆ ನಡೆಯುತ್ತಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ಕಡೆಯ ಊರುಗಳಲ್ಲೂ ಉಳುಮೆಗೆ ಟ್ರ್ಯಾಕ್ಟರ್, ನೀರಿಗೆ ಮೋಟರು, ಹೊಲಕ್ಕೆ ಹೋಗಲು ಬೈಕು ಬಂದಿವೆ. ಮುದ್ದೆಯ ಗಾತ್ರ ಮಾತ್ರ ಹಾಗೇ ಉಳಿದಿದೆ.

ಭಾರದ ಮೈಯಲ್ಲಿ ಬೀಪಿ ಏರುವುದು ಹೇಗೆ?

ಮೈ ದೊಡ್ಡದಾದಷ್ಟೂ ಹೃದಯ ಹೆಚ್ಚು ರಕ್ತ ತಳ್ಳಬೇಕು. ಒಂದು ಎಕರೆಗೆಂದು ಹಾಕಿದ ಪಂಪಿನಿಂದ ಎರಡು ಎಕರೆಗೆ ನೀರು ಹಾಯಿಸಿದಂತೆ ಅದರ ಪಾಡು. ಹೊಟ್ಟೆಯೊಳಗಿನ ಕೊಬ್ಬು ಮೂತ್ರಪಿಂಡವನ್ನು ಸುತ್ತಲಿಂದ ಒತ್ತುತ್ತದೆ. ಉಪ್ಪು, ನೀರು ಮೈಯಲ್ಲೇ ಉಳಿಯುತ್ತವೆ. ರಕ್ತನಾಳವನ್ನು ಬಿಗಿಗೊಳಿಸುವ ನರಗಳು ಮತ್ತು ಹಾರ್ಮೋನುಗಳು ಸದಾ ಚುರುಕಾಗಿರುತ್ತವೆ. ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ ಇದ್ದರಂತೂ ರಾತ್ರಿಯೂ ಬೀಪಿಗೆ ಬಿಡುವಿಲ್ಲ.

ನಡಿಗೆ ಇದರಲ್ಲಿ ಹಲವು ಕೊಂಡಿಗಳನ್ನು ಸಡಿಲಿಸುತ್ತದೆ. ರಕ್ತ ರಭಸದಿಂದ ಹರಿದಾಗ ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುತ್ತದೆ, ನಾಳ ಹಿಗ್ಗುತ್ತದೆ. ಅರ್ಧ ಗಂಟೆ ನಡೆದ ಮೇಲೆ ಬೀಪಿ ಹಲವು ಗಂಟೆಗಳ ಕಾಲ ಮೊದಲಿಗಿಂತ ಕೆಳಗೇ ಇರುತ್ತದೆ. ದಿನವೂ ಮಾಡಿದರೆ ಎಂಟು–ಹನ್ನೆರಡು ವಾರಗಳಲ್ಲಿ ಆ ಇಳಿಕೆ ನೆಲೆ ನಿಲ್ಲುತ್ತದೆ. ಬಿಟ್ಟರೆ ಕೆಲವೇ ವಾರಗಳಲ್ಲಿ ಮೊದಲಿನ ಜಾಗಕ್ಕೆ ಬರುತ್ತದೆ.

ಎರಡೂ ಏಕೆ ಬೇಕು?

2023ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 270 ಪ್ರಯೋಗಗಳ, 15,827 ಜನರ ಫಲಿತಾಂಶ ಒಟ್ಟು ಮಾಡಿತು. ಬರೀ ನಡಿಗೆ, ಓಟ, ಸೈಕಲ್‌ನಂಥ ವ್ಯಾಯಾಮದಿಂದ ಮೇಲಿನ ಬೀಪಿ (ಸಿಸ್ಟಾಲಿಕ್) ಸರಾಸರಿ 4.5 ಅಂಕ ಇಳಿದಿತ್ತು. ಬರೀ ಭಾರ ಎತ್ತುವ ಕಸರತ್ತಿನಿಂದಲೂ ಸುಮಾರು ಅಷ್ಟೇ. ಎರಡನ್ನೂ ಸೇರಿಸಿ ಮಾಡಿದವರಲ್ಲಿ 6 ಅಂಕ. ಗೋಡೆಗೆ ಬೆನ್ನು ಕೊಟ್ಟು ಅರೆಕೂತು ನಿಲ್ಲುವಂಥ ಅಲುಗಾಡದ ಕಸರತ್ತಿನಲ್ಲಿ 8 ಅಂಕ.

ಆರು ಅಂಕ ಏನು ಮಹಾ ಎನ್ನಿಸಬಹುದು. ಬೀಪಿ ಮಾತ್ರೆಗಳ 48 ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಮೇಲಿನ ಬೀಪಿ 5 ಅಂಕ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಅನಾಹುತಗಳು ನೂರಕ್ಕೆ ಹತ್ತರಷ್ಟು ಕಡಿಮೆಯಾಗಿದ್ದವು.

ಅಮೆರಿಕದ ಅಯೋವಾದಲ್ಲಿ ನಡೆದು 2024ರಲ್ಲಿ ಹೊರಬಂದ ಇನ್ನೊಂದು ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. ತೂಕ ಹೆಚ್ಚಿರುವ, ಬೀಪಿಯೂ ಏರಿರುವ 35ರಿಂದ 70 ವರ್ಷದ 406 ಮಂದಿ ಅದರಲ್ಲಿದ್ದರು. ಒಂದು ಗುಂಪಿಗೆ ವಾರಕ್ಕೆ ಮೂರು ದಿನ ತಲಾ ಒಂದು ಗಂಟೆ ನಡಿಗೆ, ಸೈಕಲ್‌ನಂಥ ಏರೋಬಿಕ್ ವ್ಯಾಯಾಮ, ಇನ್ನೊಂದಕ್ಕೆ ಅಷ್ಟೇ ಹೊತ್ತು ಭಾರದ ಕಸರತ್ತು, ಮತ್ತೊಂದಕ್ಕೆ ಎರಡೂ ಅರ್ಧರ್ಧ ಗಂಟೆ. ಒಂದು ವರ್ಷದ ಬಳಿಕ ಬೀಪಿ, ಕೊಲೆಸ್ಟರಾಲ್, ಸಕ್ಕರೆ, ಮೈಕೊಬ್ಬು ಸೇರಿಸಿ ಅಳೆದಾಗ ಏರೋಬಿಕ್ ಗುಂಪಿನಷ್ಟೇ ಲಾಭ ಅರ್ಧರ್ಧ ಮಾಡಿದವರಿಗೂ ಸಿಕ್ಕಿತ್ತು. ಬರೀ ಭಾರ ಎತ್ತಿದವರಿಗೆ ಸಿಕ್ಕಿರಲಿಲ್ಲ. ಮಂಡಿ ನೋವಿನಿಂದ ಒಂದು ಗಂಟೆ ನಡೆಯಲಾಗದವರಿಗೆ ಇದು ಒಳ್ಳೆಯ ಸುದ್ದಿ: ಅರ್ಧ ಗಂಟೆ ನಡಿಗೆಯ ಜೊತೆ ಅರ್ಧ ಗಂಟೆ ಕಸರತ್ತು ಸಾಕು. ಕಸರತ್ತಿನಿಂದ ತೊಡೆ ಗಟ್ಟಿಯಾದರೆ ಮಂಡಿಯ ಮೇಲಿನ ಹೊರೆ ಕಡಿಮೆಯಾಗುತ್ತದೆ, ಊಟ ಕಡಿಮೆ ಮಾಡಿ ತೂಕ ಇಳಿಸುವಾಗ ಸ್ನಾಯು ಕರಗದೆ ಉಳಿಯುತ್ತದೆ.

ಶುರು ಮಾಡುವ ಮೊದಲು

ಒಮ್ಮೆ ಡಾಕ್ಟರಿಗೆ ತೋರಿಸಿ. ಹೃದಯದ ತೊಂದರೆ, ಮೂತ್ರಪಿಂಡದ ಕಾಯಿಲೆ, ಹಿಂದೆ ಪಾರ್ಶ್ವವಾಯು, ನಡೆದಾಗ ಎದೆ ಬಿಗಿತ, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಪರದೆಗೆ ಪೆಟ್ಟು – ಇವುಗಳಲ್ಲಿ ಯಾವುದಿದ್ದರೂ ಅವರನ್ನು ಕೇಳದೆ ಕಸರತ್ತಿಗೆ ಇಳಿಯಬೇಡಿ. ಗೊರಕೆ ಜೋರಾಗಿದ್ದು ಹಗಲೆಲ್ಲ ತೂಕಡಿಕೆ ಬರುತ್ತಿದ್ದರೆ ಅದನ್ನೂ ಹೇಳಿ. ಕುಳಿತಾಗಲೇ ಬೀಪಿ 180/110 ಅಥವಾ ಅದಕ್ಕಿಂತ ಮೇಲಿದ್ದರೆ ಮೊದಲು ಮಾತ್ರೆಯಿಂದ ಹತೋಟಿಗೆ ಬರಬೇಕು, ವ್ಯಾಯಾಮ ಆಮೇಲೆ.

30 ವರ್ಷ ದಾಟಿದವರಿಗೆ ಬೀಪಿ, ಸಕ್ಕರೆ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮನೆಬಾಗಿಲಲ್ಲೇ ತಪಾಸಣೆಯ ಏರ್ಪಾಡಿದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೆಚ್ಚಿನ ಪರೀಕ್ಷೆಗೆ ಹೆಗ್ಗಡದೇವನಕೋಟೆಯ ತಾಲ್ಲೂಕು ಆಸ್ಪತ್ರೆ, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ ಮತ್ತು ಜಯದೇವ ಹೃದ್ರೋಗ ಸಂಸ್ಥೆಗಳಿವೆ.

ತೋಳಿನ ಪಟ್ಟಿ ಸರಿಯಾದದ್ದೇ?

ದಪ್ಪ ತೋಳಿನವರ ಬೀಪಿ ನೋಡುವಾಗ ಬಹಳ ಕಡೆ ತಪ್ಪುವುದು ಇಲ್ಲೇ. ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೆ ಬೀಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. 2023ರಲ್ಲಿ ಬಾಲ್ಟಿಮೋರ್‌ನ ಸಂಶೋಧಕರು ಪರೀಕ್ಷಿಸಿದಾಗ, ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಸುತ್ತಿದರೆ ಮೇಲಿನ ಅಂಕ ಸುಮಾರು 20ರಷ್ಟು ಹೆಚ್ಚಾಗಿ ಬಂತು. ಹಾಗಾದರೆ 125 ಇರುವವರು 145 ಎಂದು ಬರೆಸಿಕೊಂಡು ಬರುತ್ತಾರೆ.

ದರ್ಜಿಯ ಟೇಪಿನಿಂದ ಭುಜ ಮತ್ತು ಮೊಣಕೈ ನಡುವಿನ ತೋಳಿನ ಸುತ್ತಳತೆ ಅಳೆದುಕೊಳ್ಳಿ. 34 ಸೆಂಟಿಮೀಟರ್ ದಾಟಿದರೆ ದೊಡ್ಡ ಪಟ್ಟಿ, 44 ದಾಟಿದರೆ ಇನ್ನೂ ದೊಡ್ಡದು ಬೇಕು. ಆ ಅಳತೆ ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ. ‘ಸಿಸ್ಟರ್, ನನ್ನ ತೋಳು 38 ಇದೆ, ದೊಡ್ಡ ಪಟ್ಟಿ ಇದ್ರೆ ಅದರಲ್ಲಿ ನೋಡ್ತೀರಾ?’ ಎಂದು ಕೇಳಲು ಸಂಕೋಚ ಬೇಡ. ಮನೆಗೆ ಯಂತ್ರ ಕೊಳ್ಳುವವರು ಪಟ್ಟಿಯ ಮೇಲೆ ಅಚ್ಚಾಗಿರುವ ಅಳತೆ ನೋಡಿಯೇ ಕೊಳ್ಳಿ.

ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕೈ ಎದೆಯ ಮಟ್ಟಕ್ಕೆ. ಅದಕ್ಕೆ ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ, ವ್ಯಾಯಾಮ ಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಬರೆದಿಡಿ. ಮನೆಯಲ್ಲಿ ನೋಡಿದಾಗ ಸರಾಸರಿ 135/85ಕ್ಕಿಂತ ಕೆಳಗಿರಬೇಕು.

ನಡಿಗೆ: ಐದು ನಿಮಿಷದಿಂದ

ಮೊದಲ ಎರಡು ವಾರ ದಿನಕ್ಕೆ ಮೂರು ಸಲ, ಸಲಕ್ಕೆ ಐದೇ ನಿಮಿಷ. ಸಮತಟ್ಟಾದ ಜಾಗ ಆರಿಸಿ; ಶಾಲೆ ಮೈದಾನ ಒಳ್ಳೆಯದು, ಮನೆ ಮುಂದಿನ ಅಂಗಳವೂ ಆದೀತು. ಮೂರನೇ ವಾರದಿಂದ ಸಲಕ್ಕೆ ಎರಡು ನಿಮಿಷ ಹೆಚ್ಚಿಸುತ್ತ ಹೋಗಿ. ಮೂರು ತಿಂಗಳಲ್ಲಿ ವಾರಕ್ಕೆ ಐದು ದಿನ ಅರ್ಧ ಗಂಟೆ ಮುಟ್ಟಿದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರದ 150 ನಿಮಿಷ ಪೂರ್ತಿಯಾಗುತ್ತದೆ. ಒಂದೇ ಸಲ ಅರ್ಧ ಗಂಟೆ ಆಗದಿದ್ದರೆ ಹತ್ತು ಹತ್ತು ನಿಮಿಷದ ಮೂರು ಕಂತು ಸಾಕು.

ವೇಗ ಎಷ್ಟಿರಬೇಕು? ಜೊತೆಯವರೊಂದಿಗೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಮಾತೇ ತುಂಡಾಗುತ್ತಿದ್ದರೆ ನಿಧಾನಿಸಿ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ನುಂಗುವವರಲ್ಲಿ ನಾಡಿ ಹೆಚ್ಚು ಏರುವುದಿಲ್ಲ. ಕೈಗಡಿಯಾರದ ನಾಡಿ ಲೆಕ್ಕ ಅವರು ನೆಚ್ಚುವಂಥದ್ದಲ್ಲ, ಮಾತಿನ ಪರೀಕ್ಷೆಯೇ ಸರಿ.

ಹಿಮ್ಮಡಿಗೆ ಮೆತ್ತೆ ಇರುವ ಬೂಟು ಹಾಕಿ, ಸವೆದ ಹವಾಯಿ ಚಪ್ಪಲಿ ಬೇಡ. ತೊಡೆ ಉಜ್ಜಿ ಹುಣ್ಣಾಗುವವರು ಮೊಣಕಾಲವರೆಗಿನ ಹತ್ತಿ ಚಡ್ಡಿ ತೊಟ್ಟು, ಉಜ್ಜುವ ಕಡೆ ವ್ಯಾಸಲಿನ್ ಹಚ್ಚಿಕೊಂಡರೆ ಆ ತಾಪತ್ರಯ ತಪ್ಪುತ್ತದೆ. ಸಕ್ಕರೆ ಕಾಯಿಲೆಯವರು ದಿನವೂ ಪಾದ ನೋಡಿಕೊಳ್ಳಬೇಕು.

ಹೆಗ್ಗಡದೇವನಕೋಟೆ ಸೀಮೆಯವರಿಗೆ ಇನ್ನೊಂದು ಮಾತು. ನಾಗರಹೊಳೆ, ಬಂಡೀಪುರದ ಕಾಡು ಹತ್ತಿರ. ಚಿರತೆ, ಆನೆ ಊರಂಚಿಗೆ ಬರುತ್ತವೆ. ನಸುಕಿನ ಕತ್ತಲಲ್ಲಿ ಒಬ್ಬರೇ ಹೊಲದ ಹಾದಿಯಲ್ಲಿ ನಡೆಯಬೇಡಿ. ಬೆಳಕು ಹರಿದ ಮೇಲೆ, ಜೊತೆ ಇಟ್ಟುಕೊಂಡು, ಊರೊಳಗೇ ನಡೆಯಿರಿ. ಮಂಡಿ ನೋವು ಜಾಸ್ತಿ ಇದ್ದರೆ ಕುರ್ಚಿಯಲ್ಲಿ ಕೂತು ಕಾಲನ್ನು ಒಂದೊಂದಾಗಿ ಎತ್ತಿ ಇಳಿಸುತ್ತ, ಕೈ ಬೀಸುತ್ತ ಹತ್ತು ನಿಮಿಷ ಮಾಡಿದರೂ ಅದು ನಡಿಗೆಯ ಲೆಕ್ಕವೇ. ಬೀದಿಗೆ ಬರಲು ಮುಜುಗರಪಡುವ ಹೆಂಗಸರಿಗೂ ಶುರುವಿಗೆ ಇದೇ ಒಳ್ಳೆಯ ದಾರಿ.

ಕಸರತ್ತು: ಕುರ್ಚಿ, ಗೋಡೆ, ಬಾಟಲಿ

ಮೈಸೂರಿನ ಗರಡಿ ಮನೆಗಳಲ್ಲಿ ಪೈಲ್ವಾನರು ತಲೆಮಾರುಗಳಿಂದ ದಂಡ, ಬಸ್ಕಿ ಹೊಡೆಯುತ್ತ ಬಂದಿದ್ದಾರೆ. ಭಾರದ ಮೈಯವರಿಗೆ ಬೇಕಾದದ್ದೂ ಅದೇ ದಂಡ, ಅದೇ ಬಸ್ಕಿ. ನೆಲದ ಬದಲು ಕುರ್ಚಿ ಮತ್ತು ಗೋಡೆ ಹಿಡಿದು ಮಾಡಬೇಕು. ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಡುವು. ಮೊದಲ ನಾಲ್ಕರಲ್ಲಿ ಪ್ರತಿಯೊಂದನ್ನೂ 8ರಿಂದ 12 ಸಲ. ಮೊದಲ ತಿಂಗಳು ಒಂದು ಸುತ್ತು, ಆಮೇಲೆ ಎರಡು.

1. ಕುರ್ಚಿ ಬಸ್ಕಿ. ಗಟ್ಟಿ ಮರದ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಪ್ಲಾಸ್ಟಿಕ್ ಕುರ್ಚಿ ಬೇಡ. ಅದರ ಕಾಲು ಜಾರಿ ಮುರಿಯುವ ಅಪಾಯವಿದೆ. ಅಂಚಿಗೆ ಸರಿದು ಕೂತು, ಪಾದ ಅಗಲಿಸಿ, ಮುಂದಕ್ಕೆ ಬಾಗಿ ಎದ್ದು ನಿಲ್ಲಿ. ದೊಪ್ಪನೆ ಬೀಳದೆ ನಿಧಾನವಾಗಿ ಕೂರಿ. ಕಷ್ಟವಾದರೆ ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರಿಸಿ, ತೊಡೆಗೆ ಕೈಯೂರಿ ಏಳಿ. ವಾರ ಕಳೆದಂತೆ ಕೈ ಬಿಡಿ, ಆಮೇಲೆ ದಿಂಬು ತೆಗೆಯಿರಿ.

2. ಗೋಡೆ ದಂಡ. ಗೋಡೆಯಿಂದ ಒಂದು ಮೊಳಕ್ಕಿಂತ ತುಸು ದೂರ ನಿಂತು ಎದೆಯ ಮಟ್ಟಕ್ಕೆ ಅಂಗೈ ಊರಿ. ಮೊಣಕೈ ಮಡಿಸಿ ಗೋಡೆಯತ್ತ ಬಾಗಿ, ತಳ್ಳಿ ಹಿಂದಕ್ಕೆ ಬನ್ನಿ.

3. ಬಾಟಲಿ ಎಳೆತ. ಒಂದು ಲೀಟರ್ ನೀರಿನ ಬಾಟಲಿ ಎಂದರೆ ಒಂದು ಕೆ.ಜಿ. ಒಂದು ಕೈ ಮೇಜಿಗೆ ಊರಿ ಸ್ವಲ್ಪ ಬಾಗಿ, ಇನ್ನೊಂದು ಕೈಯಿಂದ ಬಾಟಲಿಯನ್ನು ಪಕ್ಕೆಯತ್ತ ಎಳೆಯಿರಿ. ಬೆನ್ನಿಗೂ ಭುಜಕ್ಕೂ ಒಳ್ಳೆಯದು.

4. ಹಿಮ್ಮಡಿ ಎತ್ತುವುದು. ಕಿಟಕಿಯ ಸರಳು ಹಿಡಿದು ಬೆರಳ ಮೇಲೆ ನಿಂತು ಇಳಿಯಿರಿ. ಕಾಲಿನಲ್ಲಿ ನಿಂತ ರಕ್ತ ಮೇಲೇರಲು ಮೀನಖಂಡದ ಈ ಕೆಲಸ ನೆರವಾಗುತ್ತದೆ.

5. ಚೀಲದ ನಡಿಗೆ. ಎರಡೂ ಕೈಯಲ್ಲಿ ಎರಡೆರಡು ಕೆ.ಜಿ.ಯ ಚೀಲ ಹಿಡಿದು ನೆಟ್ಟಗೆ ಅರ್ಧ ನಿಮಿಷ ನಡೆಯಿರಿ. ಹೀಗೆ ಮೂರು ಸಲ.

ಎರಡು ತಿಂಗಳು ಇಷ್ಟು ಸಲೀಸಾಗಿ ನಡೆದು, ಬೀಪಿಯೂ ಹತೋಟಿಯಲ್ಲಿದ್ದು, ಡಾಕ್ಟರು ಒಪ್ಪಿದರೆ ಗೋಡೆಗೆ ಬೆನ್ನು ಕೊಟ್ಟು ಅರೆಕೂರುವುದನ್ನು ಸೇರಿಸಿ. ಪ್ರಯೋಗಗಳಲ್ಲಿ ಇದನ್ನು ಎರಡೆರಡು ನಿಮಿಷದಂತೆ ನಾಲ್ಕು ಸಲ, ನಡುವೆ ಬಿಡುವು ಕೊಟ್ಟು, ವಾರಕ್ಕೆ ಮೂರು ದಿನ ಮಾಡಿಸುತ್ತಾರೆ. ಭಾರದ ಮೈಯವರು ಮಂಡಿಯನ್ನು ಸ್ವಲ್ಪವೇ ಬಾಗಿಸಿ 20 ಸೆಕೆಂಡಿನಿಂದ ಶುರು ಮಾಡಬೇಕು, ಪಕ್ಕದಲ್ಲಿ ಕುರ್ಚಿ ಇರಬೇಕು. ಮಂಡಿ ಚುಚ್ಚಿದರೆ ಇದನ್ನು ಬಿಟ್ಟುಬಿಡಿ. ಉಳಿದ ಐದೇ ಸಾಕು.

ಉಸಿರು ಕಟ್ಟಬೇಡಿ

ಈ ಲೇಖನದಲ್ಲಿ ಒಂದೇ ನಿಯಮ ನೆನಪಿಡುವುದಾದರೆ ಇದನ್ನು ನೆನಪಿಡಿ. ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ಬೀಪಿ ಒಮ್ಮೆಲೇ ಮೇಲಕ್ಕೆ ಚಿಮ್ಮುತ್ತದೆ. 1985ರಲ್ಲಿ ಕೆನಡಾದ ಸಂಶೋಧಕರು ದೇಹದಾರ್ಢ್ಯ ಪಟುಗಳ ರಕ್ತನಾಳದೊಳಗೇ ಅಳತೆ ಮಾಡಿದಾಗ, ಕಾಲಿನಿಂದ ಭಾರಿ ತೂಕ ತಳ್ಳುವ ಹೊತ್ತಿಗೆ ಬೀಪಿ ಸರಾಸರಿ 320/250ಕ್ಕೆ ಏರಿತ್ತು. ನಾವು ಮಾಡುವುದು ಅಷ್ಟು ಭಾರದ್ದಲ್ಲ, ಆದರೂ ನಿಯಮ ಒಂದೇ: ಎತ್ತುವಾಗ, ತಳ್ಳುವಾಗ, ಏಳುವಾಗ ಬಾಯಿಂದ ಉಸಿರು ಬಿಡಿ, ಇಳಿಸುವಾಗ ಒಳಗೆಳೆಯಿರಿ. ಎಣಿಕೆಯನ್ನು ಗಟ್ಟಿಯಾಗಿ ಹೇಳುತ್ತಿದ್ದರೆ ಉಸಿರು ತಾನಾಗಿ ಆಡುತ್ತದೆ. ಅಕ್ಕಿ ಮೂಟೆ ಎತ್ತುವಾಗಲೂ, ತುಂಬಿದ ಬಿಂದಿಗೆ ಸೊಂಟಕ್ಕೆ ಏರಿಸುವಾಗಲೂ ಇದನ್ನೇ ರೂಢಿಸಿಕೊಳ್ಳಿ.

ವಾರದ ಲೆಕ್ಕ

ಸೋಮ, ಬುಧ, ಶುಕ್ರ: ಐದು ನಿಮಿಷ ನಿಧಾನ ನಡಿಗೆ, ಆಮೇಲೆ ಕಸರತ್ತು, ಆಮೇಲೆ ಆದಷ್ಟು ನಡಿಗೆ.
ಮಂಗಳ, ಶನಿ: ನಡಿಗೆ ಮಾತ್ರ.
ಗುರು, ಭಾನು: ಬಿಡುವು. ಆದರೂ ಇಡೀ ದಿನ ಕೂತಿರಬೇಡಿ. ಗಂಟೆಗೊಮ್ಮೆ ಎದ್ದು ಓಡಾಡಿ.

ಮುಗಿಸುವಾಗ ಗಕ್ಕನೆ ನಿಂತರೆ ಕಾಲಿನ ಹಿಗ್ಗಿದ ನಾಳಗಳಲ್ಲಿ ರಕ್ತ ಉಳಿದು ತಲೆ ಸುತ್ತಬಹುದು. ಕೊನೆಯ ಐದು ನಿಮಿಷ ನಡಿಗೆಯನ್ನು ನಿಧಾನಕ್ಕೆ ಇಳಿಸಿ.

‘ಹೊಲದಲ್ಲಿ ದುಡೀತೀನಲ್ಲ?’

ದುಡಿಮೆಯೂ ಲೆಕ್ಕಕ್ಕೆ ಬರುತ್ತದೆ. ಆದರೆ ಹೊಲದ ಕೆಲಸ ಕಂತಿನಲ್ಲಿ ಬರುವಂಥದ್ದು. ನಾಟಿ, ಹೊಗೆಸೊಪ್ಪು ಮುರಿಯುವ ದಿನಗಳಲ್ಲಿ ಮೈಮುರಿಯುವ ದುಡಿಮೆ, ಉಳಿದ ತಿಂಗಳು ಹೆಚ್ಚಿಗೆ ಏನೂ ಇರುವುದಿಲ್ಲ. ಬೀಪಿಗೆ ಬೇಕಾದದ್ದು ವಾರ ವಾರವೂ ತಪ್ಪದ ಚಲನೆ. ಕೆಲಸ ಕಡಿಮೆ ಇರುವ ತಿಂಗಳಲ್ಲಿ ಈ ಕ್ರಮವನ್ನು ಪೂರ್ತಿ ಪಾಲಿಸಿ. ಹೊಗೆಸೊಪ್ಪು ಹದಗೊಳಿಸುವ ಬ್ಯಾರನ್ನಿನಲ್ಲಿ ರಾತ್ರಿಯಿಡೀ ಬೆಂಕಿ ಕಾಯ್ದು ನಿದ್ದೆಗೆಟ್ಟ ದಿನ ಕಸರತ್ತು ಬಿಡಿ, ಹತ್ತು ನಿಮಿಷ ನಡೆದರೆ ಸಾಕು. ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ಒಂಬತ್ತರ ನಂತರ ಹೊರಗೆ ವ್ಯಾಯಾಮ ಬೇಡ. ಮೂತ್ರ ಹೆಚ್ಚಿಸುವ ಬೀಪಿ ಮಾತ್ರೆ ನುಂಗುವವರಿಗೆ ಆ ಬಿಸಿಲಿನಲ್ಲಿ ಬೇಗ ನಿತ್ರಾಣವಾಗುತ್ತದೆ. ಸೆಕೆಗೆ ಈಜು ಒಳ್ಳೆಯದೆಂದು ಕಬಿನಿ ನಾಲೆಗೂ ಇಳಿಯಬೇಡಿ.

ಮಾತ್ರೆ, ಉಪ್ಪು

ಬೀಪಿ ಇಳಿಯಿತೆಂದು ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಬರೆದಿಟ್ಟ ಅಂಕಿಗಳನ್ನು ಡಾಕ್ಟರಿಗೆ ತೋರಿಸಿ. ಮೇಲಿನ ಅಂಕ ಪದೇಪದೇ 110ಕ್ಕಿಂತ ಕೆಳಗೆ ಬಂದು ತಲೆ ಸುತ್ತುತ್ತಿದ್ದರೆ ಅವರೇ ಕಡಿಮೆ ಮಾಡುತ್ತಾರೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕಸರತ್ತು ಮಾಡಬಾರದು, ಜೇಬಿನಲ್ಲಿ ಸಕ್ಕರೆ ಅಥವಾ ಬೆಲ್ಲ ಇರಲಿ. ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ. ಉಪ್ಪಿನಕಾಯಿ, ಹಪ್ಪಳ, ಸಂತೆಯ ಖಾರಾ ಕಡಿಮೆ ಮಾಡಿ. ಮುದ್ದೆ ಒಂದು ಸುತ್ತು ಚಿಕ್ಕದಾಗಲಿ, ಸೊಪ್ಪುಸಾರು ಒಂದು ಸೌಟು ಹೆಚ್ಚಾಗಲಿ.

ತಕ್ಷಣ ನಿಲ್ಲಿಸಬೇಕಾದದ್ದು ಯಾವಾಗ?

ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ಕೂತರೂ ತಗ್ಗದ ಏದುಸಿರು, ಕಣ್ಣು ಮಂಜು, ಜೋರು ತಲೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು – ಯಾವುದು ಕಂಡರೂ ನಿಲ್ಲಿಸಿ, ಕೂತು, 108ಕ್ಕೆ ಕರೆ ಮಾಡಿಸಿ. ಜ್ವರ ಬಂದ ದಿನ ವ್ಯಾಯಾಮ ಬೇಡ. ಮಾರನೇ ದಿನ ಸ್ನಾಯು ಹಿಡಿದುಕೊಳ್ಳುವುದು ಸಹಜ. ಕೀಲು ಊದಿಕೊಂಡರೆ ಮಾತ್ರ ಡಾಕ್ಟರಿಗೆ ತೋರಿಸಿ.

ಮನೆಯವರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಭಾರದ ಮೈಯವರನ್ನು ‘ಎಷ್ಟು ಕೆ.ಜಿ. ಇಳಿಯಿತು?’ ಎಂದು ದಿನವೂ ಕೇಳಬೇಡಿ. ‘ಬನ್ನಿ, ನಾನೂ ಬರ್ತೀನಿ’ ಎಂದು ಜೊತೆಗೆ ಹೆಜ್ಜೆ ಹಾಕಿ. ಕಸರತ್ತು ಶುರು ಮಾಡುವವರಿಗೆ ಹೇಳುವುದಿಷ್ಟೇ: ತೂಕದ ಯಂತ್ರವನ್ನು ಮೂರು ತಿಂಗಳು ಮರೆತುಬಿಡಿ, ಬೀಪಿ ಬರೆದಿಡುವ ಪುಸ್ತಕವನ್ನು ತೆರೆದಿಡಿ. ಇವತ್ತು ಐದು ನಿಮಿಷ ನಡೆಯಿರಿ, ಕುರ್ಚಿಯಿಂದ ಎಂಟು ಸಲ ಎದ್ದು ಕೂರಿ. ನಾಳೆಯೂ ನಡೆಯಿರಿ.